ಬಂಧನಕ್ಕೂ ತೀರ್ಪಿಗೂ ನಡುವೆ: ಚಿಕ್ಕಮಗಳೂರಿನ ಒಂದು ಕಾಫಿಪುಡಿ ಫ್ರಾಂಚೈಸಿಯ ಪ್ರಕರಣ

ಕರಾರಿನ ಹದಿನೇಳನೇ ಕಲಮಿನಲ್ಲಿ 'ಶಿಕ್ಷೆಗೆ ಗುರಿಯಾದಲ್ಲಿ' ಎಂದಿತ್ತು. ಕಂಪನಿ ಕಳಿಸಿದ ನೋಟಿಸಿನಲ್ಲಿ 'ಬಂಧನಕ್ಕೆ ಒಳಗಾಗಿರುವುದರಿಂದ' ಎಂದಿತ್ತು. ಈ ಎರಡು ಮಾತುಗಳ ನಡುವೆ ಒಂದು ಅಂಗಡಿ, ನಾಲ್ಕು ಜನರ ಸಂಬಳ, ಒಬ್ಬ ಹೆಣ್ಣುಮಗಳ ಮನೆಪತ್ರ ಸಿಕ್ಕಿಹಾಕಿಕೊಂಡಿದ್ದವು.

ನಾನು ಹಾಸನದಲ್ಲಿ ವ್ಯಾಪಾರದ ಕರಾರುಗಳ ಕೆಲಸ ನೋಡುವ ವಕೀಲ. ಈ ಪ್ರಕರಣವನ್ನು ಬರೆಯಲು ಆ ಹೆಣ್ಣುಮಗಳ, ಅಂದರೆ ಅಂಗಡಿ ನಡೆಸುತ್ತಿದ್ದವರ, ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು, ಮೊತ್ತಗಳನ್ನು ಬದಲಿಸಿದ್ದೇನೆ. ಆಕೆಯ ಗಂಡನ ಮೇಲಿನ ಕ್ರಿಮಿನಲ್ ಮೊಕದ್ದಮೆ ಇನ್ನೂ ನಡೆಯುತ್ತಿದೆ. ಅವರು ತಪ್ಪು ಮಾಡಿದ್ದಾರೋ ಇಲ್ಲವೋ ಎಂಬುದು ಈ ಬರಹದ ವಿಷಯವಲ್ಲ.

ಹಿನ್ನೆಲೆ

ಕಂಪನಿ ಬೆಂಗಳೂರಿನದು. ಹುರಿದ ಕಾಫಿಬೀಜ, ಚಿಕೋರಿ, ಹೆಸರು ಅಚ್ಚಾದ ಪೊಟ್ಟಣಗಳನ್ನು ಕಳಿಸುತ್ತದೆ. ಫ್ರಾಂಚೈಸಿ, ಅಂದರೆ ಕಂಪನಿಯ ಹೆಸರಿನಲ್ಲಿ ಅಂಗಡಿ ನಡೆಸುವ ಹಕ್ಕು, ಪಡೆದವರು ಗಿರಾಕಿಯ ಎದುರೇ ಪುಡಿ ಮಾಡಿ, ಕೇಳಿದ ಪ್ರಮಾಣದಲ್ಲಿ ಬೆರೆಸಿ, ಬಿಸಿ ಆರುವ ಮೊದಲೇ ಪೊಟ್ಟಣ ಕಟ್ಟಿ ಕೊಡಬೇಕು. ಪಕ್ಕದಲ್ಲೊಂದು ಕೌಂಟರಿನಲ್ಲಿ ಫಿಲ್ಟರ್ ಕಾಫಿ. ವಾರದ ಕೊನೆಯಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆ ಹೋಗುವ ಪ್ರವಾಸಿಗರು, ಉಳಿದ ದಿನ ಊರಿನವರು, ತೋಟದವರು. ಕಾಫಿ ಬೆಳೆಯುವ ಊರಿನಲ್ಲಿ ಕಾಫಿಪುಡಿ ಮಾರಿ ಗೆಲ್ಲುವುದು ಸುಲಭವಲ್ಲ. ಇಲ್ಲಿ ಮನೆಮನೆಗೂ ಒಂದು ರುಚಿ, ಒಂದು ಅಭಿಪ್ರಾಯ ಇರುತ್ತದೆ. ಆದರೂ ಆ ಅಂಗಡಿ ಮೂರು ವರ್ಷದಲ್ಲಿ ಹೆಸರು ಮಾಡಿತ್ತು.

ಕರಾರು ಐದು ವರ್ಷದ್ದು. ಪ್ರವೇಶ ಶುಲ್ಕ ಆರು ಲಕ್ಷ, ಠೇವಣಿ ನಾಲ್ಕು ಲಕ್ಷ, ಮಾರಾಟದ ಮೇಲೆ ಶೇ. 6 ರಾಯಲ್ಟಿ (ಕಂಪನಿಗೆ ಸಲ್ಲುವ ಪಾಲು). ಗ್ರೈಂಡರ್ ಯಂತ್ರಗಳು ಕಂಪನಿಯವು, ಬಳಕೆಗೆ ಕೊಟ್ಟಿದ್ದು. ಸಹಿ ಮಾಡಿದವರು ಗಂಡ ಒಬ್ಬರೇ, ಏಕಮಾಲೀಕರಾಗಿ. ಮಳಿಗೆಯ ಬಾಡಿಗೆ ಪತ್ರ, ಆಹಾರ ಪರವಾನಗಿ, ಜಿಎಸ್‌ಟಿ ನೋಂದಣಿ ಎಲ್ಲವೂ ಅವರ ಹೆಸರಿನಲ್ಲೇ. ಬೆಳಿಗ್ಗೆ ಆರೂವರೆಗೆ ಶಟರ್ ಎತ್ತುತ್ತಿದ್ದವರು, ರಾತ್ರಿ ಲೆಕ್ಕ ಮುಚ್ಚುತ್ತಿದ್ದವರು ಹೆಂಡತಿ. ಆಕೆಯ ಹೆಸರು ಒಂದೇ ಒಂದು ಕಡೆ ಇತ್ತು: ಅಂಗಡಿಗಾಗಿ ಸಹಕಾರಿ ಬ್ಯಾಂಕಿನಲ್ಲಿ ತೆಗೆದ ಸಾಲಕ್ಕೆ ಜಾಮೀನುದಾರರಾಗಿ. ತವರಿನವರು ಕೊಟ್ಟ ಮನೆಯ ಪತ್ರ ಬ್ಯಾಂಕಿನಲ್ಲಿತ್ತು.

ಗಂಡನಿಗೆ ಇನ್ನೊಂದು ವ್ಯಾಪಾರವಿತ್ತು. ಸಣ್ಣ ಬೆಳೆಗಾರರಿಂದ ಕಾಫಿ ಕೊಂಡು ದೊಡ್ಡ ವ್ಯಾಪಾರಿಗಳಿಗೆ ಮಾರುವುದು. ಅಂಗಡಿಯ ಹಿಂದಿನ ಗೋದಾಮನ್ನು ಎರಡಕ್ಕೂ ಬಳಸುತ್ತಿದ್ದರು. ಒಂದು ಮೂಲೆಯಲ್ಲಿ ಕಂಪನಿಯ ಪೆಟ್ಟಿಗೆಗಳು ಮತ್ತು ಹೆಚ್ಚುವರಿ ಗ್ರೈಂಡರ್, ಇನ್ನೊಂದು ಮೂಲೆಯಲ್ಲಿ ಗೋಣಿಚೀಲಗಳು.

ಆದದ್ದು

2024ರಲ್ಲಿ ರೋಬಸ್ಟಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ ರೋಬಸ್ಟಾ ತಳಿಯ ಕಾಫಿ) ಬೆಲೆ ಐವತ್ತು ಕೆ.ಜಿ. ಚೀಲಕ್ಕೆ ಹತ್ತು ಸಾವಿರ ರೂಪಾಯಿ ದಾಟಿದ್ದು ಬೆಳೆಗಾರರೆಲ್ಲರಿಗೂ ನೆನಪಿದೆ. ಬೆಲೆ ಏರಿದಾಗ ಕಣದ ಕಾವಲೂ ಏರುತ್ತದೆ. ಒಣಗಲು ಹರಡಿದ ಕಾಫಿ ರಾತ್ರೋರಾತ್ರಿ ಮಾಯವಾದರೆ ಹೋಗುವುದು ಒಂದು ಚೀಲವಲ್ಲ, ವರ್ಷದ ದುಡಿಮೆ. ಅದರ ಮುಂದಿನ ಕುಯ್ಲಿನಲ್ಲಿ ಒಂದು ತೋಟದ ಕಣದಿಂದ ಕಾಫಿ ಕಳುವಾಯಿತು. ಪೊಲೀಸರು ಒಂದು ಪಿಕಪ್ ವಾಹನದ ಜಾಡು ಹಿಡಿದು ಬಂದದ್ದು ಈ ಗೋದಾಮಿಗೆ. ಹನ್ನೊಂದು ಚೀಲ ಜಪ್ತಿಯಾಯಿತು. ಗೋದಾಮಿನಲ್ಲಿದ್ದ ಕಂಪನಿಯ ಪೆಟ್ಟಿಗೆಗಳು, ಗ್ರೈಂಡರ್ ಕೂಡ ಪಂಚನಾಮೆಯಲ್ಲಿ ಸೇರಿದವು. ಗಂಡನನ್ನು ಬಂಧಿಸಿದರು. ಹೊಸ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಿದ್ದರಿಂದ ಹಾಕಿದ್ದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ: ಕಳವು ಮಾಲೆಂದು ಗೊತ್ತಿದ್ದೂ ಇಟ್ಟುಕೊಳ್ಳುವುದು. ಹಳಬರ ಬಾಯಲ್ಲಿ ಇದು ಇನ್ನೂ ಹಳೆಯ ದಂಡ ಸಂಹಿತೆಯ ಕಲಮಿನಂತೆ '411' ಎಂದೇ ಇದೆ.

ಮರುದಿನ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿದ ಚಿತ್ರ ಗೋದಾಮಿನದ್ದಲ್ಲ, ಅಂಗಡಿಯ ಮುಂಭಾಗದ್ದು. ಕಂಪನಿಯ ಹೆಸರು, ಗುರುತು ಎದ್ದು ಕಾಣುತ್ತಿತ್ತು. ಬೇರೆ ಊರಿನಲ್ಲಾಗಿದ್ದರೆ ಇದು ಒಂದು ವಾರದ ಸುದ್ದಿ. ಇಲ್ಲಿ ಗಿರಾಕಿಗಳೇ ಬೆಳೆಗಾರರು. ದಿನವೂ ಹತ್ತು ಗಂಟೆಗೆ ಬಂದು ನಿಂತೇ ಕಾಫಿ ಕುಡಿದು ಹೋಗುತ್ತಿದ್ದ ತೋಟದವರು ಅಂದಿನಿಂದ ರಸ್ತೆಯ ಆ ಬದಿಯಲ್ಲೇ ನಡೆಯತೊಡಗಿದರು ಎಂದು ಆಕೆ ಹೇಳಿದಾಗ ನನಗೆ ವಿಷಯದ ತೂಕ ಗೊತ್ತಾಯಿತು.

ಮೂರನೇ ದಿನ ಕಂಪನಿಯಿಂದ ಇಮೇಲ್ ಬಂತು. ಕರಾರು ತಕ್ಷಣದಿಂದ ರದ್ದು, ಠೇವಣಿ ಮುಟ್ಟುಗೋಲು, ಎರಡು ವರ್ಷ ಜಿಲ್ಲೆಯಲ್ಲಿ ಕಾಫಿಪುಡಿ ವ್ಯಾಪಾರ ಮಾಡಕೂಡದು. ಕಾರಣ: 'ಬಂಧನಕ್ಕೆ ಒಳಗಾಗಿರುವುದರಿಂದ'. ಅದರ ಜೊತೆಗೇ ಇನ್ನೊಂದು ಸಾಲು: 'ಆರೋಪಿ ತಪ್ಪೊಪ್ಪಿಕೊಂಡಿರುವುದಾಗಿ ಪತ್ರಿಕೆಗಳಲ್ಲಿ ವರದಿಯಾಗಿದೆ.'

ಮೊದಲು ಹಿಡಿದ ದಾರಿ

ಆಕೆ ನನ್ನ ಹತ್ತಿರ ಬರುವ ಮೊದಲೇ ಎರಡು ಕೆಲಸ ಆಗಿಹೋಗಿದ್ದವು. ಒಂದು, ಸಂಬಂಧಿಕರು ಗೊತ್ತುಮಾಡಿದ ವಕೀಲರೊಬ್ಬರು ಕಂಪನಿಗೆ ಖಾರವಾದ ಉತ್ತರ ಬರೆದು, ಮಾನನಷ್ಟಕ್ಕೆ ಒಂದು ಕೋಟಿ ಕೇಳಿದ್ದರು. ಎರಡು, ನೋಟಿಸ್ ಬಂದ ಮೇಲೂ ಆಕೆ ಅಂಗಡಿ ತೆರೆದಿಟ್ಟಿದ್ದರು, ಅದೇ ಬೋರ್ಡಿನ ಕೆಳಗೆ, ಅದೇ ಪೊಟ್ಟಣಗಳಲ್ಲಿ.

ಶನಿವಾರ ಬೇಲೂರು ಮಾರ್ಗವಾಗಿ ಬಸ್ಸಿನಲ್ಲಿ ಬಂದು ನನ್ನ ಕಚೇರಿಯಲ್ಲಿ ಕೂತು ಆಕೆ ಕೇಳಿದ ಮೊದಲ ಪ್ರಶ್ನೆ ಇದು: "ಅವರು ಮಾಡಿದ್ದು ತಪ್ಪೋ ಸರಿಯೋ ಕೋರ್ಟು ಹೇಳ್ಲಿ ಸಾರ್. ಅಂಗಡಿ ಏನು ಮಾಡ್ತು?"

ಕರಾರು ಇಂಗ್ಲಿಷಿನಲ್ಲಿತ್ತು. ನಲವತ್ತೆರಡು ಪುಟ. ಆಕೆಗೆ ಬೇಕಾದ ಭಾಗಗಳನ್ನು ಸಾಲುಸಾಲಾಗಿ ಕನ್ನಡದಲ್ಲಿ ಓದಿ ಹೇಳಿದೆ. ಕರಾರು ಮುರಿಯಲು ಅದರಲ್ಲಿ ನಾಲ್ಕು ಬಾಗಿಲುಗಳಿದ್ದವು. ನೈತಿಕ ಅಧಃಪತನದ ಅಪರಾಧಕ್ಕಾಗಿ ನ್ಯಾಯಾಲಯದಿಂದ ಶಿಕ್ಷೆಯಾದರೆ ತಕ್ಷಣ ರದ್ದು. ಬ್ರ್ಯಾಂಡಿನ ಹೆಸರಿಗೆ ಧಕ್ಕೆ ತರುವ ನಡತೆಗೆ ಹದಿನೈದು ದಿನದ ನೋಟಿಸ್, ಅಷ್ಟರೊಳಗೆ ಸರಿಪಡಿಸಿಕೊಳ್ಳಲು ಅವಕಾಶ. ಕಂಪನಿಯದ್ದಲ್ಲದ ಮಾಲನ್ನು ಕಂಪನಿಯ ಹೆಸರಿನಲ್ಲಿ ಮಾರಿದರೆ ತಕ್ಷಣ ರದ್ದು. ಕೊನೆಯದು, ಯಾವ ಕಾರಣವನ್ನೂ ಕೊಡದೆ ಇಬ್ಬರಲ್ಲಿ ಯಾರೇ ಆಗಲಿ ತೊಂಬತ್ತು ದಿನದ ನೋಟಿಸ್ ಕೊಟ್ಟು ಹೊರಬರಬಹುದು.

ಕಂಪನಿ ತಟ್ಟಿದ್ದು ಮೊದಲನೇ ಬಾಗಿಲು. ಅದು ತೆರೆಯುವಂತಿರಲಿಲ್ಲ. ಬಂಧನ ಶಿಕ್ಷೆಯಲ್ಲ. ಎಫ್‌ಐಆರ್ ಎಂದರೆ ತನಿಖೆ ಶುರುವಾಯಿತು ಎಂದಷ್ಟೇ ಅರ್ಥ. ಪೊಲೀಸರೆದುರು ಹೇಳಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಬಿಡುವುದಿಲ್ಲ. ಹಾಗಿರುವಾಗ ಅದರ ಪತ್ರಿಕಾ ವರದಿಯ ಮೇಲೆ ಕರಾರು ಮುರಿಯುವುದು ಮರಳಿನ ಮೇಲೆ ಗೋಡೆ ಎತ್ತಿದ ಹಾಗೆ.

ಇಷ್ಟು ಕೇಳಿ ಆಕೆಯ ಮುಖ ಅರಳಿತು. ಅದರ ಹಿಂದೆಯೇ ಹೇಳಬೇಕಾಗಿದ್ದ ಮಾತು ಕಷ್ಟದ್ದು. ನೋಟಿಸ್ ತಪ್ಪು ಎಂದ ಮಾತ್ರಕ್ಕೆ ಅಂಗಡಿ ಉಳಿಯುವುದಿಲ್ಲ.

ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. 1872ರ ಕರಾರು ಕಾಯ್ದೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆ, ಟ್ರೇಡ್‌ಮಾರ್ಕ್ ಕಾಯ್ದೆ ಇವುಗಳನ್ನು ಸೇರಿಸಿ ಹೊಲಿದುಕೊಳ್ಳಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 14ನೇ ಕಲಮಿನ ಪ್ರಕಾರ, ಸ್ವಭಾವತಃ ಕೊನೆಗೊಳಿಸಬಹುದಾದ ಕರಾರನ್ನು ನಡೆಸಿಯೇ ತೀರಬೇಕೆಂದು ನ್ಯಾಯಾಲಯ ಆದೇಶಿಸುವುದಿಲ್ಲ. ಹಾಗೆ ನಡೆಸಲಾಗದ ಕರಾರಿನ ಉಲ್ಲಂಘನೆಯನ್ನು ತಡೆಯಲು 41ನೇ ಕಲಂ ತಡೆಯಾಜ್ಞೆಯನ್ನೂ ಕೊಡಲು ಬಿಡುವುದಿಲ್ಲ. ತೊಂಬತ್ತು ದಿನದ ಬಾಗಿಲೊಂದು ಕರಾರಿನಲ್ಲೇ ಇರುವಾಗ ಇದು ಕೊನೆಗೊಳಿಸಬಹುದಾದ ಕರಾರೇ. 1991ರ ಇಂಡಿಯನ್ ಆಯಿಲ್ ವಿರುದ್ಧ ಅಮೃತ್‌ಸರ್ ಗ್ಯಾಸ್ ಸರ್ವಿಸ್ ಪ್ರಕರಣ ಒಂದು ಅಡುಗೆ ಅನಿಲ ವಿತರಕರದ್ದು. ರದ್ದು ಮಾಡಿದ್ದು ಸರಿಯಲ್ಲ ಎಂದು ಇಟ್ಟುಕೊಂಡರೂ ಏಜೆನ್ಸಿ ಮರಳಿ ಕೊಡಿಸಲಾಗದು, ಕರಾರಿನಲ್ಲಿದ್ದ ಮೂವತ್ತು ದಿನದ ನೋಟಿಸ್ ಅವಧಿಯ ನಷ್ಟವಷ್ಟೇ ಪರಿಹಾರ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಪ್ರಕರಣಕ್ಕೆ ಅದನ್ನು ಹಚ್ಚಿದರೆ ಗೆದ್ದರೂ ಸಿಗುವುದು ಹೆಚ್ಚೆಂದರೆ ಮೂರು ತಿಂಗಳ ಲಾಭ. ಒಂದು ಕೋಟಿ ಎಲ್ಲಿ, ಇದು ಎಲ್ಲಿ?

ತಡೆಯಾಜ್ಞೆಗೆ ಹೋಗುವುದು ಬೇಡ ಎಂದು ಅಂದೇ ತೀರ್ಮಾನಿಸಿದೆವು. ಮೊದಲ ನಿರ್ಧಾರ ಅದು. ಎರಡನೆಯದು ಇನ್ನೂ ತುರ್ತಾಗಿತ್ತು. ರದ್ದತಿ ತಪ್ಪೋ ಸರಿಯೋ, ನೋಟಿಸ್ ಬಂದ ಮೇಲೆ ಆ ಹೆಸರಿನಡಿ ವ್ಯಾಪಾರ ಮುಂದುವರಿಸಿದರೆ ಟ್ರೇಡ್‌ಮಾರ್ಕ್ ಉಲ್ಲಂಘನೆಯ ದಾವೆ ಬರುತ್ತದೆ. ಅದು ಬರುವುದು ಜೈಲಿನಲ್ಲಿರುವ ಗಂಡನ ಮೇಲೆ ಮಾತ್ರವಲ್ಲ, ಕೌಂಟರಿನಲ್ಲಿ ನಿಂತಿರುವ ಆಕೆಯ ಮೇಲೂ. ಕರಾರಿನಲ್ಲಿ ಹೆಸರಿಲ್ಲದ ಹೆಣ್ಣುಮಗಳು ಮೊದಲ ಬಾರಿಗೆ ಕಾಗದದ ಮೇಲೆ ಬರುವುದು ಪ್ರತಿವಾದಿಯಾಗಿ!

ಭಾನುವಾರ ನಾನೇ ಹೋದೆ. ಆಕೆ, ಕೌಂಟರಿನ ಹುಡುಗ ಇಬ್ಬರೂ ಸ್ಟೂಲಿನ ಮೇಲೆ ನಿಂತು ಬೋರ್ಡಿಗೆ ಎರಡು ಕಾಫಿ ಗೋಣಿಗಳನ್ನು ಹೊಲಿದು ಕಟ್ಟಿದರು. ಗಾಳಿಗೆ ಒಂದು ಮೂಲೆ ಎದ್ದು ಹಳದಿ ಅಕ್ಷರ ಇಣುಕುತ್ತಿತ್ತು. ಹುಡುಗ ಮತ್ತೆ ಹತ್ತಿ ಸುತ್ತಳಿ ಬಿಗಿದ. ಎದುರಿನ ಔಷಧಿ ಅಂಗಡಿಯವರು ಹೊರಗೆ ಬಂದು ನಿಂತು ನೋಡಿದರು, ಏನೂ ಕೇಳಲಿಲ್ಲ. ಕೆಳಗಿಳಿದ ಮೇಲೆ ಆಕೆ ಕೈಗಂಟಿದ ಗೋಣಿನಾರನ್ನು ಒರೆಸಿಕೊಳ್ಳುತ್ತ ಬಹಳ ಹೊತ್ತು ಮೇಲೆ ನೋಡುತ್ತಿದ್ದರು. ನಾನು ಬೋರ್ಡಿನ ಫೋಟೊ ತೆಗೆದು, ದಿನಾಂಕ ಸಮೇತ ಕಂಪನಿಯ ವಕೀಲರಿಗೆ ಕಳಿಸಿದೆ. 'ಹಕ್ಕುಗಳನ್ನು ಕಾಯ್ದಿರಿಸಿಕೊಂಡು, ಹೆಸರಿನ ಬಳಕೆ ನಿಲ್ಲಿಸಿದ್ದೇವೆ. ಮಾತಾಡಲು ಸಿದ್ಧ' ಎಂದಷ್ಟೇ ಬರೆದೆ. ಆ ಎರಡು ಸಾಲಿಗೆ ಒಂದು ಕೋಟಿಯ ನೋಟಿಸಿಗಿಂತ ಬೇಗ ಉತ್ತರ ಬಂತು.

ಲೆಕ್ಕದ ರಾತ್ರಿ

ಕಂಪನಿಯವರು ಕರಾರಿನಂತೆ ದಾಸ್ತಾನು ತಪಾಸಣೆಗೆ ಬರುವುದಾಗಿ ತಿಳಿಸಿದರು. ಅವರು ಬರುವ ಹಿಂದಿನ ರಾತ್ರಿ ಆಕೆ ತಾವೇ ಲೆಕ್ಕ ಹಾಕಲು ಕೂತರು. ಫೋನಿನಲ್ಲಿ ನನ್ನನ್ನೂ ಕೂರಿಸಿಕೊಂಡರು.

ಹಿಂದಿನ ಮೂರು ತಿಂಗಳಿಗೆ ಕಂಪನಿಯಿಂದ ಬಂದ ಬೀಜ, ಚಿಕೋರಿ ಸೇರಿ 1,140 ಕೆ.ಜಿ. ಆರಂಭದ ದಾಸ್ತಾನು 60. ಅಂಗಡಿಯಲ್ಲೂ ಗೋದಾಮಿನ ಪಂಚನಾಮೆಯಲ್ಲೂ ಉಳಿದದ್ದು 45. ಹಾಗಾದರೆ ಮಾರಲು ಇದ್ದದ್ದು 1,155 ಕೆ.ಜಿ. ಬಿಲ್ಲಾದದ್ದು 1,310. ಎರಡನೇ ಸಲ ಕೂಡಿದರು, ಮೂರನೇ ಸಲ ಕೂಡಿದರು. ಹಸಿರು ಬೀಜ ಹುರಿದರೆ ತೂಕ ಸುಮಾರು ಶೇ. 15ರಷ್ಟು ಇಳಿಯುತ್ತದೆ. ಹುರಿದದ್ದನ್ನು ಪುಡಿ ಮಾಡಿದರೆ ಚೂರುಪಾರು ಇನ್ನೂ ಕಳೆಯುತ್ತದೆ. ತೂಕ ಬೆಳೆಯುವುದಂತೂ ಇಲ್ಲ. 155 ಕೆ.ಜಿ. ಪುಡಿ ಎಲ್ಲಿಂದ ಬಂತು?

ಫೋನಿನ ಆ ಕಡೆ ತುಂಬ ಹೊತ್ತು ಮಾತಿರಲಿಲ್ಲ. ಆಮೇಲೆ ಆಕೆ ಹೇಳಿದರು: "ನವೆಂಬರಿಂದ ರಾತ್ರಿ ಡಬ್ಬ ತುಂಬಿಸೋದು ಅವರೇ ಮಾಡ್ತಿದ್ರು. ನಿಂಗೆ ಸುಸ್ತಾಗುತ್ತೆ, ನೀನು ಹೋಗು ಅಂತಿದ್ರು."

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಆ 155 ಕೆ.ಜಿ.ಗೂ ಕಳುವಾದ ಕಾಫಿಗೂ ಸಂಬಂಧ ಇದೆಯೋ ಇಲ್ಲವೋ ಕ್ರಿಮಿನಲ್ ನ್ಯಾಯಾಲಯ ನೋಡಿಕೊಳ್ಳಬೇಕಾದ ವಿಷಯ. ಕರಾರಿಗೆ ಆ ಪ್ರಶ್ನೆಯೇ ಬೇಡ. ಹೊರಗಿನ ಪುಡಿ ಕಂಪನಿಯ ಪೊಟ್ಟಣದಲ್ಲಿ ಹೋಗಿದೆ ಎಂದಾದರೆ ಮೂರನೇ ಬಾಗಿಲು ತಾನಾಗಿ ತೆರೆಯುತ್ತದೆ. ಪುಡಿ ಕದ್ದದ್ದಾಗಿರಬೇಕಿಲ್ಲ, ಕೆಟ್ಟದ್ದಾಗಿರಬೇಕಿಲ್ಲ. ಅದಕ್ಕೆ ಬೇಕಾದ ಸಾಕ್ಷ್ಯವೂ ಪೊಲೀಸ್ ಠಾಣೆಯಲ್ಲಿಲ್ಲ, ಬಿಲ್ಲಿಂಗ್ ಯಂತ್ರದಲ್ಲಿದೆ. ಸಂದೇಹಾತೀತವಾಗಿ ಸಾಬೀತುಪಡಿಸಬೇಕಾದ ಹೊರೆಯೂ ಇಲ್ಲ. ಸಿವಿಲ್ ವ್ಯಾಜ್ಯದಲ್ಲಿ ಸಾಧ್ಯತೆಯ ತಕ್ಕಡಿ ಯಾವ ಕಡೆ ವಾಲಿತು ಎಂಬುದಷ್ಟೇ ಸಾಕು.

ಆ ರಾತ್ರಿಯೇ ನಾನು ಆಕೆಗೆ ಇನ್ನೊಂದು ವಿಷಯ ಸ್ಪಷ್ಟಪಡಿಸಬೇಕಾಯಿತು. ಇನ್ನು ಮುಂದೆ ಗಂಡನ ಹಿತ, ಹೆಂಡತಿಯ ಹಿತ ಒಂದೇ ಅಲ್ಲ. ಸಂವಿಧಾನದ 20(3)ನೇ ವಿಧಿಯಂತೆ ತನ್ನ ವಿರುದ್ಧವೇ ಸಾಕ್ಷ್ಯ ನುಡಿಯುವಂತೆ ಆರೋಪಿಯನ್ನು ಒತ್ತಾಯಿಸುವಂತಿಲ್ಲ. ಅವರ ಪರ ಕರಾರಿನ ವಿಷಯದಲ್ಲಿ ನಾನೇ ಉತ್ತರ ಬರೆದರೆ ಅದರಲ್ಲಿನ ಒಂದೊಂದು ಸಾಲೂ ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರ ಕುತ್ತಿಗೆಗೆ ಬರಬಹುದು. ಅವರನ್ನು ಕಾಪಾಡಲು ನಾನು ಸುಮ್ಮನಾದರೆ ಆಕೆಯ ಮನೆ ಹೋಗಬಹುದು. ಇಬ್ಬರಿಗೂ ಒಬ್ಬನೇ ವಕೀಲನಾಗಿರುವುದು ಇಬ್ಬರಿಗೂ ಅನ್ಯಾಯ. ಗಂಡನಿಗೆ ಬೇರೆ ವಕೀಲರನ್ನು ಗೊತ್ತುಮಾಡಿಸಿ, ನಾನು ಆಕೆಯೊಬ್ಬರ ಪರ ಉಳಿದೆ. ಕುಟುಂಬದ ಹಿರಿಯರಿಗೆ ಇದು ಹಿಡಿಸಲಿಲ್ಲ. ಗಂಡ ಹೆಂಡಿರನ್ನು ಒಡೆಯುತ್ತಿದ್ದೇನೆ ಎಂದು ನೇರವಾಗಿಯೇ ಹೇಳಿದರು. ಇವತ್ತಿಗೂ ನಾನು ಮಾಡಿದ ಕೆಲಸಗಳಲ್ಲಿ ಅತ್ಯಂತ ಸರಿಯಾದದ್ದು ಅದೇ ಎಂದು ನಂಬಿದ್ದೇನೆ.

ತಪಾಸಣೆಯ ದಿನ ಆಕೆ ಏನನ್ನೂ ಮುಚ್ಚಿಡಲಿಲ್ಲ, ಏನನ್ನೂ ವಿವರಿಸಲೂ ಇಲ್ಲ. ಕೇಳಿದ ಪುಸ್ತಕ ಕೊಟ್ಟರು, ಅಷ್ಟೆ. ಮುಚ್ಚಿಡಲು ಇದ್ದದ್ದಾದರೂ ಏನು? ಬಿಲ್ಲುಗಳೆಲ್ಲ ಕಂಪನಿಯ ಸರ್ವರಿನಲ್ಲೇ ಇದ್ದವು. ಕಳಿಸಿದ ಮಾಲಿನ ಲೆಕ್ಕವೂ ಅಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಿರಲಿಲ್ಲ. ಬದಲಿಗೆ ಡಿಸೆಂಬರಿನ ಮಾರಾಟಕ್ಕೆ ಅಭಿನಂದನೆಯ ಸಂದೇಶ ಕಳಿಸಿದ್ದರು. ಮಾತುಕತೆಯಲ್ಲಿ ನಾನು ಅದನ್ನು ಮೇಜಿನ ಮೇಲೆ ಇಟ್ಟಾಗ ಕಂಪನಿಯ ಕಾರ್ಯಾಚರಣೆ ಮುಖ್ಯಸ್ಥರು ತಲೆ ತಗ್ಗಿಸಿ, "ಇದು ನಮ್ಮ ತಪ್ಪು" ಎಂದರು. ಮುಂದಿನ ಮಾತು ಹಗುರಾಗಲು ಆ ಒಂದು ವಾಕ್ಯ ತುಂಬ ನೆರವಾಯಿತು.

ಕಂಪನಿಯ ತಿದ್ದುಪಡಿ

ಕಂಪನಿಯ ವಕೀಲರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ತಪಾಸಣೆಯ ವರದಿ ಕೈಗೆ ಬಂದ ಕೂಡಲೇ ಅವರು ಮೊದಲ ನೋಟಿಸನ್ನು ಹಿಂತೆಗೆದುಕೊಂಡು, ಬಂಧನದ ಮಾತೇ ಇಲ್ಲದ ಎರಡನೇ ನೋಟಿಸ್ ಕೊಟ್ಟರು. ಅದರಲ್ಲಿದ್ದದ್ದು ದಾಸ್ತಾನು ಮತ್ತು ಮಾರಾಟದ ವ್ಯತ್ಯಾಸ ಮಾತ್ರ. ಪತ್ರಿಕೆಯ ಸುದ್ದಿಗೆ ಜೋತುಬಿದ್ದು ಮೊದಲ ನೋಟಿಸನ್ನೇ ಸಮರ್ಥಿಸಿಕೊಂಡಿದ್ದರೆ, ಗಂಡ ಖುಲಾಸೆಯಾದ ದಿನ ಅವರ ನೆಲವೇ ಕುಸಿಯುತ್ತಿತ್ತು. ತೀರ್ಪಿಗೂ ಮೊದಲೇ ಒಬ್ಬರನ್ನು ಕಳ್ಳ ಎಂದು ಲಿಖಿತವಾಗಿ ಕರೆದದ್ದಕ್ಕೆ ಮಾನನಷ್ಟದ ಮೊಕದ್ದಮೆಗೂ ದಾರಿಯಾಗುತ್ತಿತ್ತು.

ಅವರಿಗೂ ಭಯವಿತ್ತು. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಮೂಲವೇ ಗೊತ್ತಿಲ್ಲದ ಪುಡಿ ಅವರ ಹೆಸರಿನ ಪೊಟ್ಟಣದಲ್ಲಿ ಹೋಗಿದೆ ಎಂದರೆ ಒಳಗಿರುವುದು ಹೊರಗೆ ಬರೆದಂತೆ ಇದೆ ಎಂದು ಹೇಳುವವರು ಯಾರು? ತಪ್ಪು ಲೇಬಲ್ಲಿನ ಆಹಾರಕ್ಕೆ 2006ರ ಆಹಾರ ಸುರಕ್ಷತೆ ಕಾಯ್ದೆಯ 52ನೇ ಕಲಮಿನಡಿ ಮೂರು ಲಕ್ಷದವರೆಗೆ ದಂಡವಿದೆ. ಹೀಗಾಗಿ ಬೇಗ ಮುಗಿಸುವುದು ಅವರಿಗೂ ಬೇಕಿತ್ತು. ಜಪ್ತಿಯಾದ ಗ್ರೈಂಡರನ್ನು ಅವರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ಪ್ರಕ್ರಿಯೆಯ ಹೊಸ ಕಾನೂನು) 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಂಡರು.

ಗಂಡನ ಕ್ರಿಮಿನಲ್ ವಕೀಲರು ಮೊಕದ್ದಮೆ ಮುಗಿಯುವವರೆಗೆ ಕರಾರಿನ ವಿಷಯ ತಡೆಹಿಡಿಯಿರಿ ಎಂದು ಪತ್ರ ಬರೆದರು. ಅದು ನಿಲ್ಲುವ ವಾದವಲ್ಲ. ಕಾಮನ್‌ವೆಲ್ತ್ ಕ್ರೀಡಾಕೂಟದ ಸ್ವಿಸ್ ಟೈಮಿಂಗ್ ಪ್ರಕರಣದಲ್ಲಿ 2014ರಲ್ಲೇ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮೊಕದ್ದಮೆ ಬಾಕಿ ಇದ್ದರೂ ಮಧ್ಯಸ್ಥಿಕೆ (ಕೋರ್ಟಿನ ಬದಲು ಮಧ್ಯಸ್ಥರೆದುರು ವ್ಯಾಜ್ಯ ತೀರಿಸಿಕೊಳ್ಳುವುದು) ನಡೆಯಬಹುದು ಎಂದಿದೆ.

ಇನ್ನು ನಮ್ಮ ಕರಾರಿನಲ್ಲಿದ್ದ ಮಧ್ಯಸ್ಥಿಕೆಯ ಕಲಂ. ಮಧ್ಯಸ್ಥರನ್ನು ಕಂಪನಿಯ ವ್ಯವಸ್ಥಾಪಕ ನಿರ್ದೇಶಕರೇ ನೇಮಿಸುತ್ತಾರೆ ಎಂದಿತ್ತು. 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನ ನಂತರ ಅಂಥ ಏಕಪಕ್ಷೀಯ ನೇಮಕ ಊರ್ಜಿತವಲ್ಲ. ಅಂದರೆ ಮಧ್ಯಸ್ಥರ ನೇಮಕಕ್ಕೇ ಮೊದಲು ಹೈಕೋರ್ಟಿಗೆ ಹೋಗಬೇಕು. ಇದು ಎರಡೂ ಕಡೆಯವರಿಗೂ ಗೊತ್ತಿತ್ತು. ಬೆಂಗಳೂರಿಗೂ ಚಿಕ್ಕಮಗಳೂರಿಗೂ ನಡುವೆ ಇರುವ ಹಾಸನದಲ್ಲಿ, ನನ್ನ ಕಚೇರಿಯಲ್ಲೇ ಕೂರೋಣ ಎಂದು ಒಪ್ಪಿದರು. ಅಷ್ಟರಲ್ಲಿ ಗಂಡನಿಗೆ ಜಾಮೀನು ಸಿಕ್ಕಿತ್ತು. ಅವರ ವಕೀಲರು ಅಧಿಕಾರಪತ್ರದೊಂದಿಗೆ ಬಂದರು, ಅವರು ಬರಲಿಲ್ಲ.

ಮೇಜಿನ ಮೇಲೆ

ಠೇವಣಿಯ ವಿಷಯ ಒಂದೂವರೆ ಗಂಟೆ ಹಿಡಿಯಿತು. ಕರಾರಿನಲ್ಲಿ ಮುಟ್ಟುಗೋಲು ಎಂದು ಬರೆದಿದ್ದರೂ ಕರಾರು ಕಾಯ್ದೆಯ 74ನೇ ಕಲಂ ಸಮಂಜಸ ಪರಿಹಾರಕ್ಕಿಂತ ಹೆಚ್ಚು ಕೊಡುವುದಿಲ್ಲ. ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಬಾಕಿ ರಾಯಲ್ಟಿ, ವಾಪಸ್ ಪಡೆದ ಪೊಟ್ಟಣಗಳ ಪರೀಕ್ಷೆ, ತಪಾಸಣೆಯ ಖರ್ಚು ಎಲ್ಲ ಕಳೆದು 2 ಲಕ್ಷದ 35 ಸಾವಿರ ಹಿಂದಿರುಗಿಸಲು ಒಪ್ಪಿದರು. ಹಣ ಗಂಡನ ಖಾತೆಗಲ್ಲ, ನೇರವಾಗಿ ಬ್ಯಾಂಕಿನ ಸಾಲದ ಖಾತೆಗೆ. ಇದನ್ನು ಗಂಡನಿಂದ ಲಿಖಿತವಾಗಿ ಒಪ್ಪಿಸಿಕೊಂಡದ್ದು ಅವರ ವಕೀಲರು. ಸಾಲಗಾರ ಎಷ್ಟು ಹೊಣೆಯೋ ಜಾಮೀನುದಾರರೂ ಅಷ್ಟೇ ಹೊಣೆ ಎಂದು ಅದೇ ಕಾಯ್ದೆಯ 128ನೇ ಕಲಂ ಹೇಳುತ್ತದೆ. ಆಕೆಯ ಮನೆಯ ಮೇಲಿನ ಭಾರ ಅಷ್ಟಾದರೂ ಇಳಿಯಲಿ ಎಂಬುದೇ ನನ್ನ ಮೊದಲ ಗುರಿಯಾಗಿತ್ತು.

ಎರಡು ವರ್ಷದ ನಿರ್ಬಂಧದ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಕರಾರು ಚಾಲ್ತಿಯಲ್ಲಿರುವಾಗ ಸ್ಪರ್ಧೆ ಬೇಡ ಎನ್ನಬಹುದು ಎಂದು 1995ರ ಗುಜರಾತ್ ಬಾಟ್ಲಿಂಗ್ ತೀರ್ಪು ಇದೆ. ಮುಗಿದ ಮೇಲಿನ ನಿರ್ಬಂಧವನ್ನು ಕರಾರು ಕಾಯ್ದೆಯ 27ನೇ ಕಲಂ ಒಪ್ಪುವುದಿಲ್ಲ. ಅಲ್ಲದೆ ಆಕೆ ಆ ಕರಾರಿಗೆ ಸಹಿ ಹಾಕಿದವರೇ ಅಲ್ಲ.

ಕಷ್ಟವಾದದ್ದು ಕೊನೆಯ ವಿಷಯ. ಆಕೆಯ ಹೆಸರಿನಲ್ಲೇ ಹೊಸ ಫ್ರಾಂಚೈಸಿ ಕೊಡಬಹುದೇ? ಕಾರ್ಯಾಚರಣೆ ಮುಖ್ಯಸ್ಥರಿಗೆ ಮನಸ್ಸಿತ್ತು. ಮೂರು ವರ್ಷ ಅಂಗಡಿ ಕಟ್ಟಿದ್ದು ಯಾರೆಂದು ಅವರಿಗೆ ಗೊತ್ತಿತ್ತು. ಅವರು ಎರಡು ಷರತ್ತು ತಂದಿದ್ದರು. ಹೊರಗಿನ ಪುಡಿಯ ವಿಷಯ ನನಗೆ ಗೊತ್ತಿರಲಿಲ್ಲ ಎಂದು ಆಕೆ ಪ್ರಮಾಣಪತ್ರ ಕೊಡಬೇಕು. ಗಂಡ ಅಂಗಡಿಯೊಳಗೆ ಕಾಲಿಡಕೂಡದು.

ಮೊದಲನೆಯದನ್ನು ನಾನೇ ನಿರಾಕರಿಸಿದೆ. ಅದು ಸತ್ಯವೇ ಆದರೂ, ತನಗೆ ಗೊತ್ತಿರಲಿಲ್ಲ ಎಂದು ಬರೆಯುವ ಕೈ ಇನ್ನೊಬ್ಬರಿಗೆ ಗೊತ್ತಿತ್ತು ಎಂದೂ ಬರೆದ ಹಾಗೆ. ಎರಡನೆಯದಕ್ಕೆ ಆಕೆಯೇ ಉತ್ತರ ಕೊಟ್ಟರು. "ಬೀಗದ ಕೈ ಕೊಡಲ್ಲ, ಚೆಕ್ಕಿಗೆ ಸಹಿ ಹಾಕಿಸಲ್ಲ, ಮಾಲು ಮುಟ್ಟಿಸಲ್ಲ. ಬೇಕಾದ್ರೆ ಬರ್ಕೊಡ್ತೀನಿ. ಮಧ್ಯಾಹ್ನ ಊಟ ತಂದುಕೊಡೋಕೂ ಬರಬಾರದು ಅಂತ ಬರ್ಕೊಡಲ್ಲ."

ಷರತ್ತನ್ನು ಆಕೆಯ ಮಾತಿನಂತೆಯೇ ತಿದ್ದಿ ಬರೆದೆವು. ಕಾರ್ಯಾಚರಣೆ ಮುಖ್ಯಸ್ಥರು ಒಪ್ಪಿ ಬೆಂಗಳೂರಿಗೆ ಒಯ್ದರು. ಮೂರು ವಾರದ ನಂತರ ಆಡಳಿತ ಮಂಡಳಿ ಬೇಡ ಎಂದಿತು. ಕಾರಣ ಹೇಳಲಿಲ್ಲ, ಹೇಳಬೇಕಾದ ಬಾಧ್ಯತೆಯೂ ಅವರಿಗಿರಲಿಲ್ಲ. ನನಗೆ ಆ ದಿನ ತುಂಬ ಬೇಸರವಾಯಿತು. ಅವರು ಒಬ್ಬ ಒಳ್ಳೆಯ ವ್ಯಾಪಾರಿಯನ್ನು ಕಳೆದುಕೊಂಡರು ಎಂದೇ ಈಗಲೂ ಅನ್ನಿಸುತ್ತದೆ.

ಮುಂದಿನ ಕರಾರುಗಳಿಗೆ ಇದರಿಂದ ಬಂದದ್ದು

ಈ ಪ್ರಕರಣದ ನಂತರ ನಾನು ಬರೆಯುವ ಫ್ರಾಂಚೈಸಿ ಕರಾರುಗಳಲ್ಲಿ 'ಅಪರಾಧ' ಎಂಬುದನ್ನು ಒಂದೇ ಕಲಮಿನಲ್ಲಿ ತುರುಕುವುದನ್ನು ಬಿಟ್ಟಿದ್ದೇನೆ. ಎಫ್‌ಐಆರ್, ದೋಷಾರೋಪ ಪಟ್ಟಿ, ನ್ಯಾಯಾಲಯ ಆರೋಪ ಹೊರಿಸುವುದು, ಶಿಕ್ಷೆ ಇವು ನಾಲ್ಕು ಬೇರೆ ಬೇರೆ ಘಟ್ಟ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ವರ್ಷಗಳೇ ಕಳೆಯುತ್ತವೆ. ಶಿಕ್ಷೆಯಾದರೆ ಮಾತ್ರ ರದ್ದು ಎಂದು ಬರೆದರೆ ಕಂಪನಿ ಅಷ್ಟು ವರ್ಷ ಕೈಕಟ್ಟಿ ಕೂರಬೇಕು. ಎಫ್‌ಐಆರ್ ಆದರೆ ಸಾಕು ರದ್ದು ಎಂದು ಬರೆದರೆ ಪಕ್ಕದ ಅಂಗಡಿಯವನ ಒಂದು ಸುಳ್ಳು ದೂರು ಸಾಕು, ಬದುಕು ಮುಳುಗಲು. ಹಾಗಾಗಿ ಮೊದಲ ಘಟ್ಟಕ್ಕೆ ರದ್ದತಿಯಲ್ಲ, ಅಮಾನತು: ಆರೋಪ ಹೊತ್ತವರು ಹಣಕಾಸು, ದಾಸ್ತಾನಿನಿಂದ ದೂರ ನಿಲ್ಲಬೇಕು. ಕರಾರಿನಲ್ಲೇ ಮೊದಲು ಹೆಸರಿಸಿದ ಇನ್ನೊಬ್ಬರು ಅಷ್ಟು ದಿನ ಅಂಗಡಿ ನಡೆಸಬೇಕು. ಅವರೂ ಇಲ್ಲದಿದ್ದರೆ ಕಂಪನಿಯೇ ಒಳಗೆ ಬಂದು ನಡೆಸುವ ಹಕ್ಕು. ಆಹಾರದ ಶುದ್ಧತೆ, ಮಕ್ಕಳ ಸುರಕ್ಷತೆ, ಗಿರಾಕಿಯ ಹಣ ಇಂಥವಕ್ಕೆ ನೇರ ಸಂಬಂಧಿಸಿದ ಆರೋಪವಾದರೆ ಗಡುವು ಬಿಗಿ. ಬೇರೆಯದಾದರೆ ಸಡಿಲ.

ಕಂಪನಿಗಳಿಗೆ ನಾನು ಒತ್ತಿ ಹೇಳುವುದು, ಅಪರಾಧದ ಸುದ್ದಿ ಬಂದಾಗ ಮೊದಲು ನಿಮ್ಮದೇ ಲೆಕ್ಕ ತೆರೆಯಿರಿ ಎಂದು. ಪೊಲೀಸರು ಏನು ಹುಡುಕುತ್ತಿದ್ದಾರೆ ಎಂಬುದು ಅವರ ಕೆಲಸ. ನಿಮ್ಮ ಕರಾರು ಮುರಿದಿದೆಯೇ ಎಂಬುದು ನಿಮ್ಮ ಬಿಲ್ಲು, ದಾಸ್ತಾನು, ಪೊಟ್ಟಣಗಳ ಎಣಿಕೆಯಲ್ಲಿರುತ್ತದೆ.

ಇನ್ನು ಗಂಡ ಹೆಂಡತಿ, ಅಣ್ಣ ತಮ್ಮ ಸೇರಿ ನಡೆಸುವ ಅಂಗಡಿಗಳಿಗೆ. ದುಡಿಯುವವರ ಹೆಸರು ಕಾಗದದ ಮೇಲಿರಲಿ. ಇವರಿಬ್ಬರೂ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಮಾಡಿಕೊಂಡು ಅದರ ಹೆಸರಿನಲ್ಲಿ ಫ್ರಾಂಚೈಸಿ ತೆಗೆದುಕೊಂಡಿದ್ದರೆ, ಸಂಸ್ಥೆಯೇ ಬೇರೆ ವ್ಯಕ್ತಿ, ಪಾಲುದಾರರೇ ಬೇರೆ. ಗಂಡ ಹೊರಗೆ ನಿಂತರೂ ಪರವಾನಗಿ, ಜಿಎಸ್‌ಟಿ, ಬಾಡಿಗೆ ಪತ್ರ ಇದ್ದಲ್ಲೇ ಇರುತ್ತಿದ್ದವು. ಏಕಮಾಲೀಕತ್ವದಲ್ಲಿ ಜಿಎಸ್‌ಟಿ ನೋಂದಣಿ ವ್ಯಕ್ತಿಯ ಪ್ಯಾನ್‌ಗೆ ಅಂಟಿಕೊಂಡಿರುತ್ತದೆ. ಆಕೆ ಎಲ್ಲವನ್ನೂ ಸೊನ್ನೆಯಿಂದ ಮಾಡಿಸಬೇಕಾಯಿತು. ಎಲ್‌ಎಲ್‌ಪಿ ಇದ್ದರೂ ಆ 155 ಕೆ.ಜಿ. ಮಾಯವಾಗುತ್ತಿರಲಿಲ್ಲ ನಿಜ. ಆದರೆ ರಾತ್ರಿಯ ಡಬ್ಬ ಯಾರು ತುಂಬಿದರು, ಏಕೆ ತುಂಬಿದರು ಎಂದು ಕೇಳುವ ಹಕ್ಕು ಆಕೆಗೆ ಹೆಂಡತಿಯಾಗಿ ಅಲ್ಲ, ಪಾಲುದಾರಳಾಗಿ ಇರುತ್ತಿತ್ತು.

ಈಗ

ದೋಷಾರೋಪ ಪಟ್ಟಿ ಸಲ್ಲಿಕೆಯಾಗಿದೆ, ವಿಚಾರಣೆ ನಡೆಯುತ್ತಿದೆ. ಕಂಪನಿ ಎಂಟು ತಿಂಗಳ ನಂತರ ಬೇರೆ ರಸ್ತೆಯಲ್ಲಿ ಬೇರೆಯವರಿಗೆ ಫ್ರಾಂಚೈಸಿ ಕೊಟ್ಟಿತು. ಮಳಿಗೆಯ ಮಾಲೀಕರು ಆಕೆಯ ಹೆಸರಿಗೆ ಹೊಸ ಬಾಡಿಗೆ ಪತ್ರ ಮಾಡಿಕೊಟ್ಟರು, ಮುಂಗಡ ಮಾತ್ರ ಹೆಚ್ಚು ಕೇಳಿದರು. ಸೆಕೆಂಡ್ ಹ್ಯಾಂಡ್ ಗ್ರೈಂಡರ್ ಒಂದರಲ್ಲಿ ಆಕೆ ಕಾಫಿಪುಡಿ ಅಂಗಡಿ ನಡೆಸುತ್ತಿದ್ದಾರೆ. ನಾಲ್ವರಲ್ಲಿ ಇಬ್ಬರು ಜೊತೆಗಿದ್ದಾರೆ, ಬೋರ್ಡಿಗೆ ಗೋಣಿ ಕಟ್ಟಿದ ಹುಡುಗನೂ ಒಬ್ಬ. ಬ್ಯಾಂಕಿನ ಕಂತು ತಿಂಗಳು ತಿಂಗಳು ಆಕೆಯೇ ಕಟ್ಟುತ್ತಾರೆ. ತೋಟದವರಲ್ಲಿ ಕೆಲವರು ಮರಳಿ ಬಂದಿದ್ದಾರೆ, ಎಲ್ಲರೂ ಅಲ್ಲ.

ಕಳೆದ ಕುಯ್ಲಿನಲ್ಲಿ ಒಬ್ಬರು ಕಡಿಮೆ ಬೆಲೆಗೆ ಎರಡು ಚೀಲ ತಂದು ಅಂಗಡಿ ಮುಂದೆ ಇಳಿಸಿದರಂತೆ. ಯಾವ ತೋಟ, ಸರ್ವೆ ನಂಬರ್ ಎಷ್ಟು, ಬಿಲ್ ಎಲ್ಲಿ ಎಂದು ಆಕೆ ಕೇಳಿದರು. ಅವರು ಚೀಲ ಎತ್ತಿಕೊಂಡು ಹೊರಟರು. ಆಟೊದ ನಂಬರನ್ನು ಆಕೆ ಬಿಲ್ ಪುಸ್ತಕದ ಹಿಂದೆ ಬರೆದುಕೊಂಡು, ನನಗೆ ಫೋನ್ ಮಾಡಿ, ಠಾಣೆಗೆ ಹೇಳಬೇಕಾ ಎಂದು ಕೇಳಿದರು. ಹೇಳಿ ಎಂದೆ.